ಬೆರಕೆ ಗೇರ್ ಕೆಲಸ ಮಾಡುತ್ತದೆಯೇ?

ಪ್ರಶ್ನೆ: ಗೇರ್ ಸೈಕಲ್ಲಿಗೆ ಒಂದೇ ಕಂಪನಿಯ ಭಾಗಗಳನ್ನು ಹಾಕಬೇಕೆಂದು ಸೈಕಲ್ ಪತ್ರಿಕೆಗಳು ಬರೆಯುತ್ತವೆ. ನಮ್ಮೂರ ರಿಪೇರಿಯವರು ಸಿಕ್ಕಿದ್ದನ್ನು ಜೋಡಿಸುತ್ತಾರೆ. ಯಾರು ಸರಿ?
— ಓದುಗರು, ಬೈಂದೂರು

ಉತ್ತರ: ಬಹುಪಾಲು ರಿಪೇರಿಯವರೇ. ಹೊಸ ಮಾಲಿನ ಜಾಹೀರಾತಿನಿಂದ ನಡೆಯುವ ಪತ್ರಿಕೆ ಹಳೆಯದನ್ನೇ ಓಡಿಸುವ ಉಪಾಯ ಯಾಕೆ ಹೇಳೀತು? ಯಾವುದಕ್ಕೆ ಯಾವುದು ಕೂಡುತ್ತದೆಂದು ಅಳತೆ ಸಮೇತ ಬರೆದಿಟ್ಟವರು ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008).

ಸೀಟು, ಗ್ರಿಪ್, ಬೆಲ್ಲಿಗೆ ಕಂಪನಿ ನೋಡಬೇಕಿಲ್ಲ. ಚೈನ್ ಕೂಡ ಹಿಂದಿನ ಗೇರುಗಳ ಸಂಖ್ಯೆಗೆ ಹೊಂದಿದರೆ ಸಾಮಾನ್ಯವಾಗಿ ಸಾಕು: 8 ಗೇರಿನದು ಸುಮಾರು 7.1 ಮಿ.ಮೀ. ಅಗಲ, 11ರದ್ದು 5.5. ತಕರಾರು ಶುರುವಾಗುವುದು ಗೇರ್ ಲಿವರ್ ಮತ್ತು ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ನಡುವೆ. ಒಂದು ಕ್ಲಿಕ್‌ಗೆ ಕೇಬಲ್ ಎಷ್ಟು ಎಳೆಯಬೇಕೆಂಬ ಲೆಕ್ಕ ಶಿಮಾನೊ ಕಂಪನಿಯದೇ ಬೇರೆ, ಸ್ರಾಮ್‌ನದೇ ಬೇರೆ. ನೋಡದೆ ಬೆರೆಸಿದರೆ ಚೈನ್ ಹಲ್ಲಿನ ಮೇಲೆ ಸರಿಯಾಗಿ ಕೂರದೆ ಕಟಕಟ ಎನ್ನುತ್ತದೆ.

ಟಯರಿನ ಮೋಸ ಇನ್ನೂ ದೊಡ್ಡದು. 26×1⅜ ಟಯರಿಗೆ 590 ಮಿ.ಮೀ. ರಿಮ್ ಬೇಕು, ಎಂಟಿಬಿಯ (ಮೌಂಟನ್ ಬೈಕಿನ) 26×1.95ಕ್ಕೆ 559. ಎರಡೂ ‘26 ಇಂಚು’! ಕುಂದಾಪುರವಿರಲಿ, ಬ್ರಹ್ಮಾವರವಿರಲಿ, ಅಂಗಡಿಯಲ್ಲಿ ಟಯರಿನ ಬದಿಯ ಈ ಮೂರಂಕಿ ಓದಿಯೇ ದುಡ್ಡು ಕೊಡಿ.

ನಮ್ಮ ಕರಾವಳಿಯಲ್ಲಿ ಲೋಹದ ಬೆರಕೆಯೂ ಕಾಡುತ್ತದೆ. ಮರವಂತೆಯಂತೆ ಹೆದ್ದಾರಿ ಕಡಲಿಗೇ ಅಂಟಿಕೊಂಡಿರುವ ಕಡೆ ಓಡಾಡುವ ಸೈಕಲ್ಲಿನ ಉಕ್ಕಿನ ಫ್ರೇಮಿಗೆ ಅಲ್ಯೂಮಿನಿಯಂ ಸೀಟ್ ಪೈಪ್ ಹಾಕಿದರೆ, ಉಪ್ಪಿನ ತೇವಕ್ಕೆ ಎರಡೂ ಕಚ್ಚಿಕೊಂಡು ಎಷ್ಟು ಜಗ್ಗಿದರೂ ಬರುವುದಿಲ್ಲ. ತೂರಿಸುವ ಮೊದಲು ಪೈಪಿಗೆ ಗ್ರೀಸ್ ಸವರಿ, ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಚ್ಚಿ ಮತ್ತೆ ಸವರಿ.