ಕಡಲತಳದ ಚಿಪ್ಪುಜೀವಿಗಳು ಮತ್ತು ಸೂಕ್ಷ್ಮ ಪ್ಲಾಸ್ಟಿಕ್

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯುವುದು ರೂಢಿ. ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೇಖನದ ತರುವಾಯ ಈ ವಿಷಯ ವಿಜ್ಞಾನಿಗಳ ಗಮನವನ್ನು ವಿಶೇಷವಾಗಿ ಸೆಳೆಯಿತು. ನೀರಿಗಿಂತ ಭಾರವಾದ ಪಿ.ವಿ.ಸಿ., ಪಾಲಿಯೆಸ್ಟರ್‌ಗಳು ತಾವಾಗಿಯೇ ಮುಳುಗುತ್ತವೆ. ಹಗುರವಾದ ಪಾಲಿಥೀನ್ ಚೂರುಗಳೂ ಸೂಕ್ಷ್ಮಜೀವಿಗಳ ಪದರ ಬೆಳೆದು ಕ್ರಮೇಣ ತಳ ಸೇರಬಲ್ಲವು. ಅಲ್ಲಿ ಹೂತು ಅಥವಾ ಬಂಡೆಗೆ ಅಂಟಿ, ನೀರನ್ನು ಸೋಸಿ ಬದುಕುವವು ದ್ವಿಕವಾಟ ಮೃದ್ವಂಗಿಗಳು. ನಮ್ಮ ಕರಾವಳಿಯ ಮರುವಾಯಿ, ಬಳಚು, ಪಚ್ಚಿಲೆಗಳು ಈ ಬಳಗಕ್ಕೆ ಸೇರಿದವು.

ಕಡಲಿನ ಮಾಲಿನ್ಯವನ್ನು ಮಸ್ಸೆಲ್‌ಗಳ ಮಾಂಸದಲ್ಲಿ ಅಳೆಯಬಹುದೆಂದು ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಸೂಚಿಸಿದರು. ಭಾರಲೋಹಗಳ ಮಟ್ಟಿಗೆ ಆ ಕ್ರಮ ಫಲಪ್ರದವಾಯಿತು. ಪ್ಲಾಸ್ಟಿಕ್ಕಿಗೂ ಅದನ್ನೇ ಅನ್ವಯಿಸುವ ಪ್ರಯತ್ನಗಳು ನಡೆದಿವೆ. ಆದರೆ ಈ ಪ್ರಾಣಿ ಬರಿಯ ಜರಡಿಯಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಕಿವಿರಿನ ಸೂಕ್ಷ್ಮ ರೋಮಗಳು ನೀರನ್ನು ಒಳಗೆಳೆದು ಕಣಗಳನ್ನು ಹಿಡಿಯುತ್ತವೆ. ಬಾಯಿಯ ಇಕ್ಕೆಲದ ತುಟಿಯಂಥ ಮಡಿಕೆಗಳಲ್ಲಿ ಅವುಗಳ ಆಯ್ಕೆ ನಡೆಯುತ್ತದೆ. ಬೇಡವಾದುದು ಲೋಳೆಯಲ್ಲಿ ಸುತ್ತಿಕೊಂಡು, ಜಠರವನ್ನು ಕಾಣದೆಯೇ ಹೊರಬೀಳುತ್ತದೆ. ಇದನ್ನು ಹುಸಿಮಲ ಎನ್ನಬಹುದು. ಅಮೆರಿಕದ ಇವಾನ್ ವಾರ್ಡ್ ಮತ್ತು ಸಂಗಡಿಗರು 2019ರಲ್ಲಿ ನೀಲಿ ಮಸ್ಸೆಲ್ ಹಾಗೂ ಸಿಂಪಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, 1000 ಮೈಕ್ರೋಮೀಟರ್ ಗಾತ್ರದ ಗೋಲಗಳಲ್ಲಿ ಸುಮಾರು ಶೇ. 98ರಷ್ಟು ಹೀಗೆ ತಿರಸ್ಕೃತವಾದವು. 19 ಮೈಕ್ರೋಮೀಟರ್ ಗೋಲಗಳಲ್ಲಿ ಈ ಪ್ರಮಾಣ ಶೇ. 10ರಿಂದ 30 ಮಾತ್ರ. ಎಂದ ಮೇಲೆ ಮಾಂಸದಲ್ಲಿ ದೊರೆತ ಎಣಿಕೆ ನೀರಿನ ಎಣಿಕೆಯಲ್ಲ. ಅದು ಪ್ರಾಣಿಯ ಆಯ್ಕೆಯ ಲೆಕ್ಕ. ಚಿಕ್ಕ ಕಣಗಳನ್ನು ಕಾಣಲಾಗದ ಉಪಕರಣ ಬಳಸಿದರಂತೂ ದೋಷ ಇಮ್ಮಡಿಯಾಗುತ್ತದೆ.

ತಿರಸ್ಕರಿಸಿದ್ದು ಮಾಯವಾಗುವುದಿಲ್ಲ. ಲೋಳೆಯಿಂದ ಭಾರವಾದ ಉಂಡೆ ಕೆಸರಿಗೆ ಇಳಿದು, ಕೆಸರನ್ನೇ ತಿನ್ನುವ ಹುಳುಗಳಿಗೆ ಆಹಾರದೊಡನೆ ಒದಗುತ್ತದೆ. ನೀರನ್ನು ತಿಳಿಗೊಳಿಸುವ ಜೀವಿಯೇ ಪ್ಲಾಸ್ಟಿಕ್ಕನ್ನು ತಳಕ್ಕೆ ಸಾಗಿಸುತ್ತದೆ!

ಒಳಹೊಕ್ಕ ಕಣಗಳ ಕಥೆ ಬೇರೆ. ಮಾರ್ಕ್ ಬ್ರೌನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, 3.0 ಮತ್ತು 9.6 ಮೈಕ್ರೋಮೀಟರಿನ ಪಾಲಿಸ್ಟೈರೀನ್ ಕಣಗಳು ಮಸ್ಸೆಲ್‌ಗಳ ಕರುಳಿನಿಂದ ಮೂರು ದಿನಗಳಲ್ಲಿ ರಕ್ತಪರಿಚಲನೆಗೆ ಸೇರಿ, 48 ದಿನಗಳ ತರುವಾಯವೂ ಅಲ್ಲಿ ಉಳಿದಿದ್ದವು. ಫ್ರಾನ್ಸಿನಲ್ಲಿ ಎರಡು ತಿಂಗಳು ಇಂಥ ಕಣಗಳೊಡನೆ ಬೆಳೆಸಿದ ಸಿಂಪಿಗಳು ಶೇ. 38ರಷ್ಟು ಕಡಿಮೆ ಅಂಡಗಳನ್ನಿಟ್ಟವು (2016). ಪ್ರಯೋಗಾಲಯದ ನುಣುಪು ಗೋಲಗಳಿಗೂ ಕಡಲಿನ ಒರಟು ಎಳೆಗಳಿಗೂ ಅಂತರವಿದೆಯೆಂಬ ಎಚ್ಚರ ಮಾತ್ರ ಅಗತ್ಯ.

ಮೀನಿನ ಕರುಳನ್ನು ತೆಗೆದು ಉಣ್ಣುತ್ತೇವೆ, ಮರುವಾಯಿಯನ್ನು ಹಾಗಲ್ಲ. ಶುದ್ಧ ನೀರಿನಲ್ಲಿಟ್ಟರೆ ಅದರ ಕರುಳು ಖಾಲಿಯಾಗುತ್ತದೆಂಬ ನಂಬಿಕೆ ಅರ್ಧ ಸತ್ಯ. ಬೆಲ್ಜಿಯಂನ ಸಂಶೋಧಕರು 2014ರಲ್ಲಿ ಪರೀಕ್ಷಿಸಿದ ಸಾಕಣೆಯ ಮಸ್ಸೆಲ್‌ಗಳಲ್ಲಿ ಗ್ರಾಂ ಒಂದಕ್ಕೆ 0.36 ಕಣಗಳಿದ್ದವು, ಮೂರು ದಿನಗಳ ಶುದ್ಧೀಕರಣದ ಬಳಿಕವೂ 0.24 ಉಳಿದಿದ್ದವು.