ಮಳೆಗಾಲ ಮತ್ತು ತಂತಿಯ ಜಾಯಿಂಟ್: ಕನೆಕ್ಟರೋ, ಸೀಲ್ ಮಾಡಿದ ಜೋಡಣೆಯೋ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಅಂಗಡಿ, ಗೋದಾಮು, ಕಾರ್ಖಾನೆ ಹಾಗೂ ತೋಟಗಳಲ್ಲಿ 12 ಅಥವಾ 24 ವೋಲ್ಟಿನ ಉಪಕರಣಗಳು ಸಾಮಾನ್ಯವಾಗಿವೆ. ಸಿ.ಸಿ. ಕ್ಯಾಮರಾ, ಎಲ್.ಇ.ಡಿ. ನಾಮಫಲಕ, ಸೌರದೀಪ, ಅಡಿಕೆ ತೋಟದ ನೀರಾವರಿಯ ವಿದ್ಯುತ್ ವಾಲ್ವ್ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಶಾಕ್ ಹೊಡೆಯುವ ಭಯ ಕಡಿಮೆಯೆಂದು ಇವುಗಳ ತಂತಿಯನ್ನು ತಿರುಚಿ ಟೇಪ್ ಸುತ್ತಿಬಿಡುವ ರೂಢಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಈ ಪ್ರದೇಶದಲ್ಲಿ ಇದು ದುಬಾರಿ ರೂಢಿಯಾಗಿದೆ.

ನಷ್ಟದ ಮೂಲ

ಟೇಪಿನೊಳಗೆ ಸೇರಿದ ನೀರು, ಬತ್ತಿಯಲ್ಲಿ ಎಣ್ಣೆ ಏರುವಂತೆ, ತಾಮ್ರದ ಎಳೆಗಳ ನಡುವೆ ಸಾಗುತ್ತದೆ. ತಾಮ್ರವು ಕಿಲುಬುಗಟ್ಟಿ ವಿದ್ಯುತ್ ರೋಧ ಹೆಚ್ಚುತ್ತದೆ. 12 ವೋಲ್ಟಿನ 60 ವ್ಯಾಟ್ ದೀಪಕ್ಕೆ 5 ಆಂಪಿಯರ್ ಬೇಕು. ಜಾಯಿಂಟಿನ ರೋಧ ಕೇವಲ 0.2 ಓಮ್ ಆದರೂ 1 ವೋಲ್ಟ್, ಅಂದರೆ ಶೇ. 8ಕ್ಕೂ ಮಿಕ್ಕಿ ಅಲ್ಲಿಯೇ ನಷ್ಟವಾಗುತ್ತದೆ. 230 ವೋಲ್ಟಿನ 60 ವ್ಯಾಟ್ ದೀಪದಲ್ಲಿ ಅದೇ ರೋಧದಿಂದಾಗುವ ನಷ್ಟ ಸುಮಾರು 0.05 ವೋಲ್ಟ್ ಮಾತ್ರ. ಆದುದರಿಂದ ವೋಲ್ಟೇಜ್ ಕಡಿಮೆಯಾದಷ್ಟೂ ಜಾಯಿಂಟ್ ಉತ್ತಮವಾಗಿರಬೇಕು.

ಎರಡು ವಿಧಾನಗಳು

ಜಲನಿರೋಧಕ ಕನೆಕ್ಟರನ್ನು ಬೇಕಾದಾಗ ಬಿಚ್ಚಿ ಮತ್ತೆ ಜೋಡಿಸಬಹುದು. ಐ.ಪಿ. 65 ಎಂದಿದ್ದರೆ ನೀರಿನ ಎರಚಲನ್ನಷ್ಟೇ ತಡೆಯುತ್ತದೆ, ಐ.ಪಿ. 67 ಎಂದಿದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳುತ್ತದೆ. ರಬ್ಬರ್ ರಿಂಗ್ ಕಳೆದರೆ, ಅಥವಾ ಕನೆಕ್ಟರಿನ ರಂಧ್ರಕ್ಕಿಂತ ಕೇಬಲ್ ತೆಳುವಾಗಿದ್ದರೆ ಈ ಗುಣ ಉಳಿಯದು.

ಸೀಲ್ ಮಾಡಿದ ಜೋಡಣೆಯಲ್ಲಿ ತಂತಿಗಳನ್ನು ಕ್ರಿಂಪ್ ಮಾಡಿ, ಒಳಭಾಗದಲ್ಲಿ ಅಂಟು ಇರುವ ಹೀಟ್‌ಶ್ರಿಂಕ್ ಸ್ಲೀವನ್ನು ಕಾಯಿಸಿ ಮುಚ್ಚಲಾಗುತ್ತದೆ. ಜೆಲ್ ತುಂಬಿದ ಸಣ್ಣ ಜಾಯಿಂಟ್‌ಗಳೂ ಇವೆ. ಅಂಟಿಲ್ಲದ ಸ್ಲೀವ್ ನೀರನ್ನು ತಡೆಯದು. ಒಮ್ಮೆ ಮುಚ್ಚಿದ್ದನ್ನು ಕತ್ತರಿಸಿಯೇ ತೆಗೆಯಬೇಕಾದುದರಿಂದ ಪಕ್ಕದಲ್ಲಿ ಒಂದು ಸುತ್ತು ಹೆಚ್ಚುವರಿ ತಂತಿ ಬಿಡುವುದು ಜಾಣತನ.

ಎಲ್ಲಿ ಯಾವುದು?

ಬಿಚ್ಚಬೇಕಾದ ಕಡೆ ಕನೆಕ್ಟರ್, ಹೂಳಬೇಕಾದ ಕಡೆ ಸೀಲ್ ಮಾಡಿದ ಜೋಡಣೆ ಎಂಬುದು ಸರಳ ಸೂತ್ರ. ಮೂಡುಬಿದಿರೆಯ ಅಂಗಡಿಯ ಕ್ಯಾಮರಾ, ನಾಮಫಲಕಗಳನ್ನು ಆಗಾಗ ಬದಲಿಸಬೇಕಾಗುವುದರಿಂದ ಕನೆಕ್ಟರ್ ಯೋಗ್ಯ. ಬೆಳ್ತಂಗಡಿಯ ತೋಟದಲ್ಲಿ ಮಣ್ಣಿನಡಿ ಸಾಗುವ ವಾಲ್ವ್ ತಂತಿಗೆ ಸೀಲ್ ಮಾಡಿದ ಜೋಡಣೆಯೇ ಯೋಗ್ಯ. ಜುಲೈಯಲ್ಲಿ ಒಳಸೇರಿದ ನೀರಿನ ಪರಿಣಾಮ ಅಲ್ಲಿ ತಿಳಿಯುವುದು ಫೆಬ್ರವರಿಯಲ್ಲಿ, ವಾಲ್ವ್ ತೆರೆಯದೆ ಅಡಿಕೆ ಮರ ಬಾಡತೊಡಗಿದಾಗ. 1974ರ ನೆರೆಯನ್ನು ಕಂಡ ಬಂಟ್ವಾಳದ ನೇತ್ರಾವತಿ ತೀರದ ಮಳಿಗೆಗಳಲ್ಲಿ ಎರಡೂ ವಿಧದ ಜಾಯಿಂಟ್‌ಗಳನ್ನು ಗೋಡೆಯ ಮೇಲ್ಭಾಗದಲ್ಲಿಯೇ ಇರಿಸತಕ್ಕದ್ದು.

ಲೆಕ್ಕಾಚಾರ

ಉದಾಹರಣೆಗೆ ಕನೆಕ್ಟರಿಗೆ ರೂ. 150, ಸೀಲ್ ಜೋಡಣೆಗೆ ರೂ. 40, ತಂತ್ರಜ್ಞರ ಒಂದು ಭೇಟಿಗೆ ರೂ. 400 ಎಂದು ಭಾವಿಸಿದರೆ, 20 ಜಾಯಿಂಟ್‌ಗಳಿಗೆ ಕ್ರಮವಾಗಿ ರೂ. 3,000 ಮತ್ತು ರೂ. 800 ಆಗುತ್ತದೆ. ಟೇಪ್ ಸುತ್ತಿ ಉಳಿಸಿದ ರೂ. 800 ಎರಡೇ ಭೇಟಿಗಳಲ್ಲಿ ಕರಗುತ್ತದೆ. ಎಂದೂ ಬಿಚ್ಚದ ಕಡೆ ಕನೆಕ್ಟರ್ ಹಾಕಿದರೆ ರೂ. 2,200 ವ್ಯರ್ಥ. ಬಿಚ್ಚುವ ಕಡೆಯಾದರೋ, ಮಾಲೀಕರು ತಾವೇ ಒಮ್ಮೆ ಉಪಕರಣ ಬದಲಿಸಿದರೂ ಹೆಚ್ಚುವರಿ ರೂ. 110 ಮರಳಿ ಬಂದಂತೆ.

ಕೊಟೇಶನ್‌ನಲ್ಲಿ ಜಾಯಿಂಟ್‌ನ ವಿಧ, ಸಂಖ್ಯೆ ಮತ್ತು ಐ.ಪಿ. ದರ್ಜೆಯನ್ನು ಬರೆಸಿಕೊಳ್ಳುವುದು, ಪತ್ತನಾಜೆಗೆ ಮುನ್ನ ಒಮ್ಮೆ ತಪಾಸಣೆ ಮಾಡಿಸುವುದು ಉದ್ಯಮಿಗಳಿಗೆ ಹಿತಕರ.