ಒಲೆಯಾರಿದ ಮನೆಯ ಪಾಲನೆ: ಸ್ಮಾರಕಗೃಹಗಳ ದೀರ್ಘಕಾಲಿಕ ನಿರ್ವಹಣೆಯನ್ನು ಕುರಿತು

ಮಹನೀಯರು ಬಾಳಿದ ಮನೆಗಳನ್ನು ಸಾರ್ವಜನಿಕರ ದರ್ಶನಕ್ಕಾಗಿ ಕಾಪಾಡಿಕೊಂಡು ಬರುವ ಪದ್ಧತಿ ನಮ್ಮ ನಾಡಿನಲ್ಲಿಯೂ ಈಗ ನೆಲೆಗೊಂಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆ, ಮೈಸೂರಿನ ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣ್ ಅವರ ಮನೆ ಇದಕ್ಕೆ ನಿದರ್ಶನಗಳು. ಇಂಥವನ್ನು ನಾವು ಸ್ಮಾರಕಗೃಹಗಳೆಂದು ಕರೆಯೋಣ. ಸಾಮಾನ್ಯ ವಸ್ತುಸಂಗ್ರಹಾಲಯಕ್ಕೂ ಇವಕ್ಕೂ ಮೂಲಭೂತವಾದ ಒಂದು ವ್ಯತ್ಯಾಸವುಂಟು. ಅಲ್ಲಿ ಕಟ್ಟಡವು ವಸ್ತುಗಳನ್ನು ರಕ್ಷಿಸುವ ಸಾಧನ. ಇಲ್ಲಿ ಕಟ್ಟಡವೇ ಸಂಗ್ರಹದ ಮೊದಲನೆಯ ವಸ್ತು. ಶಿಲ್ಪವೊಂದನ್ನು ಮಳೆಬಿಸಿಲುಗಳಿಂದ ದೂರ ಇರಿಸಬಹುದು. ಮನೆಯಾದರೋ ಮಳೆಬಿಸಿಲುಗಳಲ್ಲಿ ನಿಂತೇ ಉಳಿಯಬೇಕು.

ಜನ ವಾಸವಾಗಿದ್ದ ಕಾಲದಲ್ಲಿ ಮನೆಗೆ ಬರೆದಿಟ್ಟ ಯೋಜನೆಯೇನೂ ಇರಲಿಲ್ಲ. ಆದರೂ ಪಾಲನೆ ನಡೆಯುತ್ತಿತ್ತು. ಮಲೆನಾಡಿನ ಮನೆಯನ್ನು ನೋಡಿ. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಿ ಒಡೆದವನ್ನು ಬದಲಿಸುತ್ತಿದ್ದರು. ಎರಚಲು ಬಡಿಯುವ ಕಡೆಗೆ ತಡಿಕೆ ಕಟ್ಟುತ್ತಿದ್ದರು. ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸುತ್ತಿದ್ದರು. ಅಡುಗೆಯೊಲೆಯ ಹೊಗೆ ಅಟ್ಟವನ್ನೂ ತೊಲೆಗಳನ್ನೂ ಸುತ್ತಿ ಹೆಂಚಿನ ಸಂದಿನಿಂದ ಹೊರಬೀಳುತ್ತಿತ್ತು. ಅದರ ಶಾಖದಿಂದ ಮರ ಒಣಗಿರುತ್ತಿತ್ತು, ಅದರ ಮಸಿಯ ಲೇಪಕ್ಕೆ ಹುಳು ಹಿಂಜರಿಯುತ್ತಿತ್ತು. ಸೋರಿದ ಒಂದು ಹನಿಯನ್ನೂ ಅದೇ ರಾತ್ರಿ ಯಾರಾದರೊಬ್ಬರು ಕಾಣುತ್ತಿದ್ದರು. ಆ ಮನೆ ಸ್ಮಾರಕವಾದ ದಿನದಿಂದ ಒಲೆ ಆರುತ್ತದೆ, ರಾತ್ರಿ ಬಾಗಿಲು ಮುಚ್ಚುತ್ತದೆ. ಶತಮಾನಗಳ ಅಲಿಖಿತವಾದ ಪಾಲನಾಕ್ರಮ ಒಮ್ಮೆಗೇ ನಿಂತುಹೋಗುತ್ತದೆ. ದೀರ್ಘಕಾಲಿಕ ನಿರ್ವಹಣಾ ಯೋಜನೆಯೆಂದರೆ, ಮನೆಯವರು ಹೇಳದೆಯೇ ಮಾಡುತ್ತಿದ್ದುದನ್ನು ಮನೆಯವರಿಲ್ಲದ ಕಾಲಕ್ಕೆ ಬರೆದಿಡುವುದೇ ಆಗಿದೆಯೆಂದು ನಮ್ಮ ಅಭಿಪ್ರಾಯ.

ಇಂಥ ಯೋಜನೆಯ ಮೊದಲ ಹೆಜ್ಜೆ ಮಹತ್ತ್ವನಿರೂಪಣೆ. ಆಸ್ಟ್ರೇಲಿಯಾದ ಸಂರಕ್ಷಣಾತಜ್ಞರು 1979ರಲ್ಲಿ ಅಂಗೀಕರಿಸಿದ ಬರ್ರಾ ಸನ್ನದೂ, ಅದನ್ನನುಸರಿಸಿ ಜೇಮ್ಸ್ ಸೆಂಪಲ್ ಕೆರ್ 1982ರಲ್ಲಿ ಪ್ರಕಟಿಸಿದ ಸಂರಕ್ಷಣಾ ಯೋಜನೆಯ ಕೈಪಿಡಿಯೂ ಈ ಕ್ರಮವನ್ನು ಸ್ಪಷ್ಟಪಡಿಸಿವೆ: ಸ್ಥಳವು ಏಕೆ ಮುಖ್ಯವೆಂಬುದನ್ನು ಮೊದಲು ನಿರ್ಧರಿಸಬೇಕು, ಏನು ಮಾಡಬೇಕೆಂಬ ನೀತಿ ಅದರಿಂದ ಹುಟ್ಟಬೇಕು. ಈ ಎರಡನ್ನೂ ತಿರುವುಮುರುವು ಮಾಡಿದರೆ, ಕೈಯಲ್ಲಿರುವ ಹಣವೇ ನೀತಿಯನ್ನು ನಿರ್ಧರಿಸತೊಡಗುತ್ತದೆ.

ನಮ್ಮ ಎರಡು ನಿದರ್ಶನಗಳಿಂದಲೇ ಇದನ್ನು ವಿಶದಪಡಿಸಬಹುದು. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡಹುವ ಕೆಲಸ ಆರಂಭವಾಗಿತ್ತು. ಸಾರ್ವಜನಿಕರ ಆಕ್ಷೇಪಣೆಯಿಂದ ಅದು ನಿಂತು, ಮನೆ ದುರಸ್ತಿಯಾಗಿ 2016ರ ಜುಲೈಯಲ್ಲಿ ಸ್ಮಾರಕವಾಗಿ ತೆರೆಯಿತು. ಅದು ಲೇಖಕನೊಬ್ಬ ತನಗಾಗಿ ಕಟ್ಟಿಸಿಕೊಂಡ ನಗರದ ಮನೆ. ಸುತ್ತಲೂ ಕಿಟಕಿಗಳುಳ್ಳ ಬರೆಹದ ಕೋಣೆಯೇ ಅದರ ಹೃದಯ. ಆ ಕಿಟಕಿಗಳ ಬೆಳಕೂ ನೋಟವೂ ಉಳಿಯುವುದು ಅಲ್ಲಿ ಮುಖ್ಯ. ಕುಪ್ಪಳಿಯದು ಒಬ್ಬ ವ್ಯಕ್ತಿಯ ಮನೆ ಮಾತ್ರವಲ್ಲ, ಕೂಡುಕುಟುಂಬವೊಂದರ ಉಪ್ಪರಿಗೆಯ ಮನೆ. ಕವಿಯಷ್ಟೇ ಮಲೆನಾಡಿನ ಜೀವನಕ್ರಮವೂ ಅಲ್ಲಿ ಪ್ರದರ್ಶಿತ. ಮನೆಯ ಹಿಂದಿನ ಗುಡ್ಡ, ಕಾಡು, ಕವಿಶೈಲಗಳನ್ನು ಬಿಟ್ಟರೆ ಮನೆಯ ಅರ್ಥ ಅರ್ಧವಾಗುತ್ತದೆ. ಆದುದರಿಂದ ಒಂದಕ್ಕೆ ಯೋಜನೆಯ ಎಲ್ಲೆ ಕಾಂಪೌಂಡಿನ ಗೋಡೆಯಾದರೆ, ಇನ್ನೊಂದಕ್ಕೆ ಕಣ್ಣಿಗೆ ಕಾಣುವ ಗುಡ್ಡದ ನೆತ್ತಿ. ಜೀರ್ಣೋದ್ಧಾರಗೊಂಡ ಮನೆಗಳಲ್ಲಿ ಯಾವ ತೊಲೆ ಹಳೆಯದು, ಯಾವುದು ಹೊಸದು ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿಡಬೇಕು. ಇಲ್ಲವಾದರೆ ಎರಡು ತಲೆಮಾರುಗಳಲ್ಲಿ ಹೊಸದೇ ಹಳೆಯದೆನಿಸಿಕೊಳ್ಳುತ್ತದೆ.

ದಾಖಲೆಯ ಬೆಲೆಯನ್ನು ತಿಳಿಯಲು ಲಂಡನ್ನಿನ ಒಂದು ಮನೆಯನ್ನು ನೋಡುವುದು ಉಚಿತ. ವಾಸ್ತುಶಿಲ್ಪಿ ಸರ್ ಜಾನ್ ಸೋನ್ ತನ್ನ ಮನೆಯನ್ನೂ ಸಂಗ್ರಹವನ್ನೂ ರಾಷ್ಟ್ರಕ್ಕೆ ಬಿಟ್ಟುಕೊಡುವ ಸಲುವಾಗಿ 1833ರಲ್ಲಿ ಪಾರ್ಲಿಮೆಂಟಿನಿಂದ ಪ್ರತ್ಯೇಕ ಶಾಸನವನ್ನೇ ಮಾಡಿಸಿದನು. 1837ರಲ್ಲಿ ಅವನು ತೀರಿಕೊಂಡಾಗ ಅದು ಜಾರಿಗೆ ಬಂದಿತು. ಸಾಧ್ಯವಾದಷ್ಟೂ ತಾನು ಬಿಟ್ಟುಹೋದ ಸ್ಥಿತಿಯಲ್ಲಿಯೇ ಮನೆಯನ್ನಿಡಬೇಕೆಂಬುದು ಅದರ ಆಶಯ. ಇದಕ್ಕಿಂತ ಬಿಗಿಯಾದ ಕಟ್ಟು ಮನೆಯೊಂದಕ್ಕೆ ದೊರೆಯುವುದು ದುರ್ಲಭ. ಆದರೂ ಕಾಲಾನಂತರ ಮೇಲಂತಸ್ತಿನ ಖಾಸಗಿ ಕೋಣೆಗಳು ಬೇರೆ ಬಳಕೆಗೆ ಸಂದು ತಮ್ಮ ರೂಪವನ್ನು ಕಳೆದುಕೊಂಡವು. ಹಳೆಯ ಪಟ್ಟಿಗಳೂ ಜಲವರ್ಣಚಿತ್ರಗಳೂ ಉಳಿದಿದ್ದುದರಿಂದ ಅವನ್ನು ಮತ್ತೆ ಮೊದಲಿನಂತೆ ಅಣಿಗೊಳಿಸುವುದು ಶಕ್ಯವಾಗಿ, 2015ರಲ್ಲಿ ಅವು ಸಾರ್ವಜನಿಕರಿಗೆ ತೆರೆದವು. ಶಾಸನ ತಡೆಯಲಾರದ್ದನ್ನು ದಾಖಲೆ ಸರಿಪಡಿಸಿತು.

ಎರಡನೆಯ ಹೆಜ್ಜೆ ಪಾಲನಾ ಪಂಚಾಂಗ. ಪುರಾತನ ಕಟ್ಟಡಗಳನ್ನು ಹೊಸದುಮಾಡುವ ಉತ್ಸಾಹಕ್ಕಿಂತ ನಿತ್ಯದ ಆರೈಕೆಯೇ ಮೇಲೆಂಬ ತತ್ತ್ವವನ್ನು ವಿಲಿಯಂ ಮಾರಿಸ್ ಮತ್ತು ಅವನ ಸಂಗಡಿಗರು ಇಂಗ್ಲೆಂಡಿನಲ್ಲಿ 1877ರಷ್ಟು ಹಿಂದೆಯೇ ಸಾರಿದರು. ತೀರ್ಥಹಳ್ಳಿಯ ಸೀಮೆಯಲ್ಲಿ ಈ ತತ್ತ್ವಕ್ಕೆ ಇಮ್ಮಡಿ ಬಲ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65–70ನ್ನು ದಾಟಿ ಬಹುಕಾಲ ನಿಂತರೆ ಕಾಗದ, ಬಟ್ಟೆ, ಚರ್ಮಗಳ ಮೇಲೆ ಬೂಸಲು ಬೆಳೆಯತೊಡಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಆ ಸ್ಥಿತಿಯೇ ಇರುತ್ತದೆ. ಆದುದರಿಂದ ಹಸ್ತಪ್ರತಿಗಳನ್ನು ಬೇರೆಡೆ ಭದ್ರವಾಗಿಟ್ಟು ಇಲ್ಲಿ ಪ್ರತಿರೂಪಗಳನ್ನು ತೋರಿಸುವುದು ಲೇಸು. ಕಾಗದಕ್ಕೂ ಬಟ್ಟೆಗೂ ಬೀಳುವ ಬೆಳಕು ಸುಮಾರು 50 ಲಕ್ಸ್ ಮೀರಬಾರದೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಮಿತಿ. ಏಪ್ರಿಲ್–ಮೇ ತಿಂಗಳಲ್ಲಿ ಹೆಂಚು, ರೀಪು, ದೋಣಿಗಳ ಪರೀಕ್ಷೆ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಸೋರಿಕೆಯ ವೀಕ್ಷಣೆ. ಮಳೆ ನಿಂತೊಡನೆ ಗೆದ್ದಲಿನ ಶೋಧ. ಬೇಸಗೆಯಲ್ಲಿ ಮರದ ಬಿರುಕುಗಳ ಅಳತೆ — ಇವೆಲ್ಲ ದಿನಾಂಕಸಹಿತವಾಗಿ ಒಂದು ದಿನಚರಿ ಪುಸ್ತಕದಲ್ಲಿ ಸೇರಬೇಕು. ಕಂಡವರ ಹೆಸರೂ ಕೈಗೊಂಡ ಕ್ರಮವೂ ಅದರಲ್ಲಿರಬೇಕು.

ಮೂರನೆಯದು ವಿಪತ್ತುಗಳ ಮುನ್ನೋಟ. 2015ರ ನವೆಂಬರಿನಲ್ಲಿ ಕುಪ್ಪಳಿಯ ಮನೆಯಿಂದ ಕವಿಯ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದುದು ನಾಡಿಗೆಲ್ಲ ತಿಳಿದ ಸಂಗತಿ. ಅದೇ ವರ್ಷದ ಏಪ್ರಿಲಿನಲ್ಲಿ ಇಂಗ್ಲೆಂಡಿನ ಕ್ಲಾಂಡನ್ ಪಾರ್ಕ್ ಎಂಬ ಹದಿನೆಂಟನೆಯ ಶತಮಾನದ ಮನೆ, ನೆಲಮಾಳಿಗೆಯ ವಿದ್ಯುತ್ ಫಲಕದಲ್ಲಿ ಹುಟ್ಟಿದ ಬೆಂಕಿಗೆ ತುತ್ತಾಯಿತು. ಪುಟ್ಟ ಪದಕಕ್ಕೂ ದೊಡ್ಡ ಕಟ್ಟಡಕ್ಕೂ ಒಂದೇ ನ್ಯಾಯ: ಕಾವಲು ನಿಲ್ಲುವ ಹೊತ್ತು ರಾತ್ರಿಯೂ ಹೌದು, ತಂತಿಗಳನ್ನು ಪರೀಕ್ಷಿಸುವ ದಿನ ವರ್ಷಕ್ಕೊಂದು ಸಲವಾದರೂ ಬರಬೇಕು. ಇನ್ನು ಅಭಿಮಾನಿಗಳಿಂದಲೂ ವಿಪತ್ತುಂಟು. ಒಂದು ಸಂಸಾರದ ಓಡಾಟಕ್ಕೆಂದು ಹಾಸಿದ ಉಪ್ಪರಿಗೆಯ ಹಲಗೆ, ರಜೆಯ ದಿನ ಬಸ್ಸುಗಟ್ಟಲೆ ಬರುವ ವಿದ್ಯಾರ್ಥಿಗಳನ್ನು ಹೊರಬೇಕಾಗುತ್ತದೆ. ಒಮ್ಮೆಗೆ ಎಷ್ಟು ಜನ ಮೇಲೇರಬಹುದೆಂಬುದನ್ನು ಎಂಜಿನಿಯರರು ಲೆಕ್ಕಮಾಡಿ ಹೇಳಬೇಕು. ಆ ಸಂಖ್ಯೆಯನ್ನು ಯಾರ ಮುಲಾಜಿಗೂ ಮೀರಬಾರದು.

ಕೊನೆಯದಾಗಿ ಹಣ ಮತ್ತು ಜನ. ಜೀರ್ಣೋದ್ಧಾರಕ್ಕೆ ಅನುದಾನ ದೊರೆಯುವುದು ಸುಲಭ, ಏಕೆಂದರೆ ಅದಕ್ಕೆ ಉದ್ಘಾಟನೆಯುಂಟು. ಹೆಂಚು ಕೈಯಾಡಿಸುವುದಕ್ಕೆ ಉದ್ಘಾಟನೆಯಿಲ್ಲ. ಆದರೆ ಹತ್ತು ವರ್ಷ ಹೆಂಚನ್ನು ಮರೆತ ಮನೆಗೆ ಹನ್ನೊಂದನೆಯ ವರ್ಷ ಜೀರ್ಣೋದ್ಧಾರವೇ ಗತಿ. ಪ್ರತಿ ಜೀರ್ಣೋದ್ಧಾರದಲ್ಲೂ ಮೂಲದ ಒಂದು ಪಾಲು ಅಳಿಯುತ್ತದೆ. ಹೀಗಾಗಿ ವಾರ್ಷಿಕ ಪಾಲನಾವೆಚ್ಚಕ್ಕೆ ಬಡ್ಡಿಯಿಂದ ನಡೆಯುವ ಪ್ರತ್ಯೇಕ ನಿಧಿಯಿರುವುದು ಅವಶ್ಯ. ಹಳೆಯ ಜೋಡಣೆಯನ್ನರಿತ ಬಡಗಿಗಳೂ ಮಣ್ಣುಗೋಡೆಯ ಕೆಲಸ ಬಲ್ಲವರೂ ವಿರಳರಾಗುತ್ತಿದ್ದಾರೆ. ಅವರ ಕೈಕೆಳಗೆ ಕಿರಿಯರನ್ನು ತರಬೇತುಗೊಳಿಸುವುದೂ ಯೋಜನೆಯ ಅಂಗವೇ. ಯೋಜನೆಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಿ, ಬದಲಾವಣೆಗೆ ಕಾರಣವನ್ನು ಬರೆದಿಡತಕ್ಕದ್ದು.

ಈ ಕಾರ್ಯದಲ್ಲಿ ಕಾಲೇಜುಗಳಿಗೂ ಪಾತ್ರವುಂಟು. ಇತಿಹಾಸದ ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಮನೆಯೊಂದನ್ನು ಆರಿಸಿಕೊಂಡು ಅಳತೆಯ ನಕ್ಷೆ ತೆಗೆಯಲಿ. ಆ ಮನೆಯನ್ನು ವರ್ಷವರ್ಷವೂ ಹೇಗೆ ನೋಡಿಕೊಳ್ಳುತ್ತಿದ್ದರೆಂಬುದನ್ನು ಅಲ್ಲಿಯ ಹಿರಿಯರಿಂದ, ವಿಶೇಷವಾಗಿ ಹೆಂಗಸರಿಂದ, ಕೇಳಿ ಬರೆದುಕೊಳ್ಳಲಿ. ನೆಲ ಸಾರಿಸಿದವರೂ ಒಲೆ ಹೊತ್ತಿಸಿದವರೂ ಅವರೇ. ಅವರೊಡನೆ ಆ ತಿಳಿವಳಿಕೆ ಅಳಿದರೆ, ಮುಂದೆ ಆ ಮನೆ ಸ್ಮಾರಕವಾದಾಗ ಅದನ್ನು ಕಾಯುವವರಿಗೆ ಗೋಡೆ ಸಿಕ್ಕೀತು, ಗೋಡೆಯನ್ನು ಉಳಿಸುವ ಬಗೆ ಸಿಕ್ಕದು.